ಮಲ್ಲಿಗೆಗೆ ಮೊಳ, ಕೇಬಲ್ಲಿಗೆ ಗೇಜು

ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಹಾದು ಪಶ್ಚಿಮದತ್ತ ಸುಮಾರು 70 ಕಿ.ಮೀ. ಸಾಗಿದರೆ ಹೂವಿನಹಡಗಲಿ ಸಿಗುತ್ತದೆ. ಊರಿಗೆ ರೈಲಿಲ್ಲ. ಕೊಟ್ಟೂರು, ಹರಪನಹಳ್ಳಿಗಳ ಮೂಲಕ ಹರಿಹರಕ್ಕೆ ಹೋಗುವ ಹಳಿ ಹಡಗಲಿಯನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಹಾಗಾಗಿ ಬರುವವರೂ ಹೋಗುವವರೂ ರಸ್ತೆಯನ್ನೇ ನಂಬಬೇಕು. ಇಲ್ಲಿಯ ಮಲ್ಲಿಗೆಯ ಪಾಡೂ ಅದೇ. ಬೇಸಿಗೆಯಲ್ಲಿ ಬೆಳಕು ಹರಿಯುವ ಮುನ್ನವೇ ಹೆಂಗಸರು ತೋಟಕ್ಕಿಳಿದು ಮೊಗ್ಗು ಬಿಡಿಸುತ್ತಾರೆ. ಬಿಸಿಲೇರಿದರೆ ಕೆಲಸ ಕೆಟ್ಟಿತು. ಮೊಗ್ಗು ಅರಳುವುದರೊಳಗೆ ಪೇಟೆ ಸೇರಬೇಕು. ಸೇರದಿದ್ದರೆ ಬೆಳೆದವರ ಶ್ರಮ ಸಂಜೆಗೆ ಬಾಡಿದ ಹೂವಾಗುತ್ತದೆ.

ಊರಿನ ಹೆಸರಿಗೆ ಒಂದು ಐತಿಹ್ಯವುಂಟು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಯ ಹೂ ತುಂಗಭದ್ರೆಯ ಮೇಲೆ ಹಡಗು ಹತ್ತಿ ಹಂಪಿಗೆ ಹೋಗುತ್ತಿತ್ತು, ಅದರಿಂದಲೇ ಹೂವಿನಹಡಗಲಿ ಎಂಬ ಹೆಸರು ಬಂತು ಎಂದು ಜನ ಹೇಳುತ್ತಾರೆ. ಹಡಗೋ ಹರಿಗೋಲೋ, ಹೂವಿನ ಜೊತೆಗೆ ಅದನ್ನು ಹೊತ್ತೊಯ್ದ ಸಾಧನವೂ ಹೆಸರಿನಲ್ಲಿ ಉಳಿದುಕೊಂಡಿರುವುದು ಗಮನಿಸತಕ್ಕ ಸಂಗತಿ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಈ ತಾಲ್ಲೂಕು 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. 2021ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ವಿಜಯನಗರ ಜಿಲ್ಲೆಯಾದಾಗ ಅದರ ಪಾಲಿಗೆ ಬಿತ್ತು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಶಿಲ್ಪ ನೋಡುವವರಿಗೆ ಹಿರೇಹಡಗಲಿಯಲ್ಲಿ 1057ರ ಕಲ್ಲೇಶ್ವರ ದೇಗುಲವಿದೆ, ಮಾಗಳದಲ್ಲಿ ಸೂರ್ಯನಾರಾಯಣನ ಗುಡಿಯಿದೆ. ಆದರೆ ಗುಡಿಗಳನ್ನು ನೋಡಿ ಬಸ್ಸು ಹತ್ತುವ ಪ್ರವಾಸಿಗರ ಕಣ್ಣಿಗೆ ಹಡಗಲಿಯ ಪೇಟೆ ಬೀಳುವುದು ಕಡಿಮೆ.

ಪೇಟೆ ಎಂದರೆ ಎಲ್ಲ ತಾಲ್ಲೂಕು ಕೇಂದ್ರಗಳ ಪೇಟೆಯಂತೆಯೇ. ಬೀಜ ಗೊಬ್ಬರದ ಅಂಗಡಿ, ಮೋಟಾರ್ ರಿವೈಂಡಿಂಗ್ ಮಾಡುವವರ ಮಳಿಗೆ, ಬಟ್ಟೆ ಅಂಗಡಿ, ಇವುಗಳ ನಡುನಡುವೆ ಮೊಬೈಲ್ ಅಂಗಡಿಗಳು. ಹೂ ಮಾರುವವರ ಬುಟ್ಟಿಯ ಮೇಲೆ ಮಲ್ಲಿಗೆ ದಂಡೆ ಇಳಿಬಿದ್ದಿರುವಂತೆಯೇ ಮೊಬೈಲ್ ಅಂಗಡಿಯ ಮುಂಗಟ್ಟಿನಲ್ಲಿ ಬಿಳಿ, ಕಪ್ಪು, ಕೆಂಪು ಕೇಬಲ್ಲುಗಳು ಇಳಿಬಿದ್ದಿರುತ್ತವೆ. ಹೂವನ್ನು ಮೊಳದ ಲೆಕ್ಕದಲ್ಲಿ ಕೊಳ್ಳುವ ಜನ ಕೇಬಲ್ಲನ್ನೂ ಕಣ್ಣಳತೆಯಲ್ಲೇ ಕೊಳ್ಳುತ್ತಾರೆ. ಉದ್ದವಿದೆಯೇ, ಪಿನ್ನು ಕೂಡುತ್ತದೆಯೇ, ಬೆಲೆ ಕಡಿಮೆಯೇ ಎಂದು ನೋಡಿದರೆ ಮುಗಿಯಿತು.

ಅಂಥದೊಂದು ಅಂಗಡಿಯ ಮುಂದೆ, ಹೂ ಕೊಟ್ಟು ಬಂದ ಬೆಳೆಗಾರರೊಬ್ಬರು ಪದವಿ ಓದುವ ಮಗಳೊಂದಿಗೆ ನಿಂತಿದ್ದರು. ಮನೆಯಲ್ಲಿದ್ದ ಲ್ಯಾಪ್‌ಟಾಪಿನ ಚಾರ್ಜರ್ ಕೇಬಲ್ಲನ್ನು ಇಲಿ ಕಡಿದುಹಾಕಿತ್ತು.

'ಲ್ಯಾಪ್‌ಟಾಪಿಗೆ ಹಾಕೋ ಒಂದು ವೈರ್ ಕೊಡು ತಮ್ಮಾ.'

'ಯಾವ ಪಿನ್ನು, ಯಜಮಾನ್ರ?'

'ಈಗ ಬಂದೈತಲ್ಲ, ಹೆಂಗ್ ಹಾಕಿದ್ರೂ ಕೂಡೋದು.'

'ಸಿ ಟೈಪು. ನೂರರದು ಐತಿ, ನಾನೂರರದು ಐತಿ. ಯಾವುದು ಕೊಡ್ಲಿ?'

ಅವರು ಎರಡನ್ನೂ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. 'ಎರಡೂ ಒಂದಾ ಥರ ಅದಾವಲ್ಲ. ನೂರರದಾ ಕೊಡು.'

'ಬ್ಯಾಡಪ್ಪಾ,' ಎಂದಳು ಮಗಳು. 'ಹೋದ ವರ್ಷ ಹಿಂಗಾ ಮಾಡಿ ಏನಾತು ಮರ್ತಿ ಏನು?'

ಹೋದ ವರ್ಷ ಆದದ್ದು ಇಷ್ಟು. ಆಗ ಮನೆಯಲ್ಲಿದ್ದದ್ದು ನೆಂಟರು ಕೊಟ್ಟ ಹಳೆಯ ಡೆಸ್ಕ್‌ಟಾಪ್. ಅದಕ್ಕೆ ವೈಫೈ ಇರಲಿಲ್ಲ. ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಇಂಟರ್‌ನೆಟ್ಟನ್ನೇ ಅದಕ್ಕೆ ಹಂಚಿಕೊಂಡು ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕಿತ್ತು. ಕೊನೆಯ ದಿನಾಂಕದ ಹೊತ್ತಿಗೆ ಕೇಬಲ್ ಕಿತ್ತುಹೋಗಿ, ಹೊಸದೊಂದು ಬಂತು. ಅದನ್ನು ಹಾಕಿದರೆ ಫೋನು ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಫೋನು ಕಾಣುವುದೇ ಇಲ್ಲ. ರಿಪೇರಿಯವರಿಗೆ ತೋರಿಸಿದರೆ ಪೋರ್ಟ್ ಹೋಗಿದೆ, ಬೋರ್ಡ್ ಬಿಚ್ಚಬೇಕು ಎಂಬ ಉತ್ತರ ಬಂತು. ಕಡೆಗೆ ಸಂಜೆಯ ಬಸ್ಸಿಗೆ ಹಡಗಲಿಗೆ ಓಡಿಬಂದು, ಕಂಪ್ಯೂಟರ್ ಸೆಂಟರಿನ ಸಾಲಿನಲ್ಲಿ ನಿಂತು, ಬಾಗಿಲು ಹಾಕುವ ಹೊತ್ತಿಗೆ ಅರ್ಜಿ ಸಲ್ಲಿಸಿದ್ದಾಯಿತು. ವಾರದ ಮೇಲೆ ಗೆಳತಿಯೊಬ್ಬಳ ಕೇಬಲ್ ಹಾಕಿ ನೋಡಿದಾಗ ಪೋರ್ಟ್ ಸರಿಯಾಗಿಯೇ ಇತ್ತು. ಹೊಸ ಕೇಬಲ್ಲಿನೊಳಗೆ ಮಾಹಿತಿ ಸಾಗಿಸುವ ತಂತಿಗಳೇ ಇರಲಿಲ್ಲ.

ಇದು ಮೋಸವೇ ಎಂದರೆ ಪೂರ್ತಿ ಮೋಸವೂ ಅಲ್ಲ. ಹಳೆಯ ಬಗೆಯ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿಗಳಿರಬೇಕು. ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಬರೀ ಚಾರ್ಜಿಗೆಂದು ಮಾಡಿದ ಅಗ್ಗದ ಕೇಬಲ್ಲುಗಳಲ್ಲಿ ಮಾಹಿತಿಯ ಎರಡು ತಂತಿಗಳನ್ನು ಬಿಟ್ಟುಬಿಡುತ್ತಾರೆ. ಟಾರ್ಚಿಗೋ ಸಣ್ಣ ಫ್ಯಾನಿಗೋ ಅದು ಸಾಕು. ಹೊರಗಿನಿಂದ ನೋಡಿದರೆ ಮಾತ್ರ ಯಾವ ವ್ಯತ್ಯಾಸವೂ ತಿಳಿಯದು. ಆದ್ದರಿಂದ ಕಂಪ್ಯೂಟರಿಗೆ ಕೊಳ್ಳುವವರು 'ಡಾಟಾ ಕೇಬಲ್' ಎಂದು ಬಾಯಿಬಿಟ್ಟು ಕೇಳಬೇಕು. ಸಾಧ್ಯವಾದರೆ ಅಂಗಡಿಯ ಕಂಪ್ಯೂಟರಿಗೇ ಫೋನು ಜೋಡಿಸಿ, ಅದು ತೆರೆಯ ಮೇಲೆ ಕಾಣುವುದನ್ನು ನೋಡಿಯೇ ದುಡ್ಡು ಕೊಡಬೇಕು. ಐದು ನಿಮಿಷದ ಈ ಪರೀಕ್ಷೆಗೆ ಸಂಕೋಚಪಟ್ಟು ಹಳ್ಳಿಗೆ ಹೋದ ಮೇಲೆ, ಮತ್ತೆ ಬರಬೇಕಾದರೆ ಬಸ್ಸಿನ ಹಾದಿ ಕಾಯಬೇಕು.

ವಿಚಿತ್ರವೆಂದರೆ ಇದೇ ರೈತರು ನಾಲ್ಕು ಹೆಜ್ಜೆ ಆಚೆಯ ಮೋಟಾರ್ ಅಂಗಡಿಗೆ ಹೋದರೆ ಬೇರೆಯೇ ಮನುಷ್ಯರಾಗಿಬಿಡುತ್ತಾರೆ. 'ಐದು ಎಚ್‌ಪಿ, ಇಷ್ಟು ಅಡಿ ಆಳ, ಎಷ್ಟು ಎಂಎಂ ಕೇಬಲ್ ಕೊಡ್ತಿ?' ಎಂದು ಕೇಳುತ್ತಾರೆ. ಸಣ್ಣ ತಂತಿ ಕೊಟ್ಟರೆ ತಿರುಗಿ ಕೊಡುತ್ತಾರೆ. ತೆಳ್ಳನೆಯ ತಂತಿಯನ್ನು ದೂರಕ್ಕೆ ಎಳೆದರೆ ವೋಲ್ಟೇಜು ದಾರಿಯಲ್ಲೇ ಸೋರುತ್ತದೆ, ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ, ಕಡೆಗೆ ಸುಟ್ಟು ರಿವೈಂಡಿಂಗಿಗೆ ಬರುತ್ತದೆ ಎಂಬುದನ್ನು ಯಾವ ಕಾಲೇಜೂ ಅವರಿಗೆ ಕಲಿಸಬೇಕಾಗಿಲ್ಲ. ಒಂದು ಬೇಸಿಗೆಯಲ್ಲಿ ತೋಟ ಒಣಗಿದರೆ ಸಾಕು, ಪಾಠ ಬಾಯಿಪಾಠವಾಗುತ್ತದೆ. ಆ ಜ್ಞಾನ ಕೊಳವೆಬಾವಿಯ ಬಳಿಯೇ ನಿಂತುಬಿಟ್ಟಿದೆ, ಕಂಪ್ಯೂಟರ್ ಮೇಜಿನವರೆಗೆ ಬಂದಿಲ್ಲ. ಮೇಜಿನ ಮೇಲಿನ ಕೇಬಲ್ಲಿಗೂ ಅದೇ ನಿಯಮ.

ಅನೇಕ ಕೇಬಲ್ಲುಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ ಗೇಜಿನ ಸಂಖ್ಯೆ ಅಚ್ಚಾಗಿರುತ್ತದೆ. 28 ಎಡಬ್ಲ್ಯುಜಿ, 24 ಎಡಬ್ಲ್ಯುಜಿ ಎಂದು ಎರಡು ಸಂಖ್ಯೆಗಳಿದ್ದರೆ ಸಾಮಾನ್ಯವಾಗಿ ಮೊದಲನೆಯದು ಮಾಹಿತಿಯ ಜೋಡಿತಂತಿಗೆ, ಎರಡನೆಯದು ವಿದ್ಯುತ್ತಿನ ತಂತಿಗೆ. ಇಲ್ಲಿ ಲೆಕ್ಕ ತಿರುಗುಮುರುಗು: ಸಂಖ್ಯೆ ಸಣ್ಣದಾದಷ್ಟೂ ತಂತಿ ದಪ್ಪ. ರಿವೈಂಡಿಂಗ್ ಮಾಡುವವರಿಗೆ ಇದು ಹೊಸದಲ್ಲ. 28 ಗೇಜಿನ ತಾಮ್ರದ ತಂತಿಯುಳ್ಳ ಒಂದು ಮೀಟರ್ ಕೇಬಲ್ಲಿನಲ್ಲಿ 2 ಆಂಪಿಯರ್ ಹರಿದರೆ, ಹೋಗುವ ತಂತಿ ಬರುವ ತಂತಿ ಎರಡೂ ಸೇರಿ ಸುಮಾರು 0.85 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಹೊರಟದ್ದು 5 ವೋಲ್ಟ್, ತಲುಪಿದ್ದು 4.15. ಅದೇ 24 ಗೇಜಿನದಾದರೆ ನಷ್ಟ 0.34 ವೋಲ್ಟ್ ಮಾತ್ರ. ಉದ್ದ ಎರಡು ಮೀಟರಾದರೆ ನಷ್ಟವೂ ಎರಡರಷ್ಟು. ಮಲ್ಲಿಗೆಯಾದರೆ ಮೊಳ ಹೆಚ್ಚಿದಷ್ಟೂ ಚೆಂದ. ಹಾಸಿಗೆಯ ಮೇಲೆ ಮಲಗಿ ಫೋನು ನೋಡಲೆಂದು ಮೂರು ಮೀಟರ್ ಕೇಬಲ್ ಕೊಂಡವರಿಗೆ ಚಾರ್ಜು ಆಮೆನಡಿಗೆಯಾಗುವುದು ಇದಕ್ಕೇ. ಇನ್ನೂ ಅಗ್ಗದವುಗಳಲ್ಲಿ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಇರುವುದುಂಟು. ಅದಕ್ಕೆ ತಾಮ್ರಕ್ಕಿಂತ ರೋಧ ಹೆಚ್ಚು, ಬಾಗಿಸಿದಲ್ಲಿ ಬೇಗ ಮುರಿಯುತ್ತದೆ.

ಪಿನ್ನಿನ ಕಥೆ ಇನ್ನೊಂದು ಬಗೆಯದು. ಯುಎಸ್‌ಬಿ ಎಂಬ ಜೋಡಣೆ 1996ರಲ್ಲಿ ಬಂತು. ಅದನ್ನು ರೂಪಿಸಿದ ಇಂಟೆಲ್ ತಂಡದಲ್ಲಿ ಮುಖ್ಯರಾದವರು ವಡೋದರದಲ್ಲಿ ಓದಿದ ಅಜಯ್ ಭಟ್. ಆ ಹಳೆಯ ಚಪ್ಪಟೆ ಪಿನ್ನನ್ನು ಒಮ್ಮೆ ಹಾಕಿ, ಕೂಡದೆ, ತಿರುಗಿಸಿ ಹಾಕಿ ಬೇಸತ್ತವರು ಲೋಕದಲ್ಲೆಲ್ಲ ಇದ್ದಾರೆ. ಎರಡೂ ಕಡೆ ಕೂಡುವಂತೆ ಮಾಡಿದ್ದರೆ ತಂತಿಯೂ ಸರ್ಕ್ಯೂಟೂ ಹೆಚ್ಚಿ ವೆಚ್ಚ ಏರುತ್ತಿತ್ತು ಎಂದು ಭಟ್ಟರು ಮುಂದೆ ವಿವರಣೆ ಕೊಟ್ಟಿದ್ದಾರೆ. 2014ರಲ್ಲಿ ಬಂದ ಟೈಪ್ ಸಿ ಆ ತೊಂದರೆ ಕಳೆಯಿತು. ಐರೋಪ್ಯ ಒಕ್ಕೂಟ ಹೊಸ ಫೋನುಗಳಿಗೆಲ್ಲ ಇದೇ ಪಿನ್ನಿರಬೇಕೆಂದು 2024ರ ಡಿಸೆಂಬರ್ 28ರಿಂದ ಕಡ್ಡಾಯಗೊಳಿಸಿತು. ಭಾರತೀಯ ಮಾನಕ ಸಂಸ್ಥೆಯೂ ಟೈಪ್ ಸಿಗೆ ಮಾನಕ ಪ್ರಕಟಿಸಿತು. ಒಂದು ತೊಡಕು ಹೋಗಿ ಇನ್ನೊಂದು ಬಂದದ್ದು ಇಲ್ಲಿಯೇ. ಹಿಂದೆ ಪಿನ್ನು ಬೇರೆಯಾದರೆ ಕೆಲಸ ಬೇರೆ ಎಂದು ತಿಳಿಯುತ್ತಿತ್ತು. ಈಗ ಪಿನ್ನು ಒಂದೇ, ಒಳಗಿನ ತಂತಿಗಳು ಮಾತ್ರ ಬೇರೆ ಬೇರೆ. ಪಿನ್ನಿನಲ್ಲಿ 24 ಸಂಪರ್ಕಗಳಿಗೆ ಜಾಗವಿದ್ದರೂ ಎಷ್ಟೋ ಕೇಬಲ್ಲುಗಳು 2000ನೇ ಇಸವಿಯ ಯುಎಸ್‌ಬಿ 2.0 ವೇಗಕ್ಕೆ ಬೇಕಾದಷ್ಟೇ ತಂತಿಗಳನ್ನು ಹೊತ್ತಿರುತ್ತವೆ.

ವೇಗದ ವ್ಯತ್ಯಾಸ ಎಂಥದೆಂದು ಮದುವೆಯ ವಿಡಿಯೊ ಸಾಗಿಸಿದವರಿಗೆ ಗೊತ್ತು. ಯುಎಸ್‌ಬಿ 2.0ದ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ವಾಸ್ತವವಾಗಿ ಸಿಗುವುದು ಸುಮಾರು 35 ಮೆಗಾಬೈಟ್. 50 ಗಿಗಾಬೈಟ್ ವಿಡಿಯೊವನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಲು ಹೆಚ್ಚುಕಡಿಮೆ 24 ನಿಮಿಷ ಬೇಕು. 2008ರಲ್ಲಿ ಬಂದ ಯುಎಸ್‌ಬಿ 3.0 ಕೇಬಲ್ಲಿನಲ್ಲಿ, ಸಾಧಾರಣ ಹಾರ್ಡ್‌ಡಿಸ್ಕಿಗೇ ಆದರೂ, ಅದು ಎಂಟೊಂಬತ್ತು ನಿಮಿಷದ ಕೆಲಸ. ಪಟ್ಟಣದಲ್ಲಿ ಈ ಕಾಲು ಗಂಟೆಯ ವ್ಯತ್ಯಾಸಕ್ಕೆ ಯಾರೂ ತಲೆಕೆಡಿಸಿಕೊಳ್ಳಲಾರರು. ಯುಪಿಎಸ್ ಇಲ್ಲದ ಹಳ್ಳಿಯ ಮನೆಯಲ್ಲಿ ಅರ್ಧ ಸಾಗಿಸುವಾಗ ಕರೆಂಟು ಹೋದರೆ ಕಡತವೂ ಅರ್ಧಕ್ಕೇ ನಿಲ್ಲುತ್ತದೆ. ಕೆಲವೊಮ್ಮೆ ಡಿಸ್ಕೇ ಕೆಡುತ್ತದೆ. ಫೋಟೊ ತೆಗೆದು ಬದುಕುವವರು ಇಲ್ಲಿ ದುಡ್ಡು ಉಳಿಸಬಾರದು. ಬರೀ ಚಾರ್ಜಿಗೆ, ಪ್ರಿಂಟರಿಗೆ, ಕೀಬೋರ್ಡಿಗೆ ಹಳೆಯ ವೇಗವೇ ಧಾರಾಳವಾಯಿತು. ಅವಕ್ಕೆ ದುಬಾರಿ ಕೇಬಲ್ ಕೊಳ್ಳುವುದು ವ್ಯರ್ಥ.

ಇನ್ನು ಅಂಗಡಿಯ ಮುಂದಿನ ಪ್ರಶ್ನೆ. ಮಗಳ ಲ್ಯಾಪ್‌ಟಾಪಿನ ಚಾರ್ಜರ್ 65 ವ್ಯಾಟಿನದು. 20 ವೋಲ್ಟಿನಲ್ಲಿ ಅದು 3.25 ಆಂಪಿಯರ್ ಆಗುತ್ತದೆ. ಎರಡೂ ತುದಿಗೆ ಟೈಪ್ ಸಿ ಇರುವ ಸಾಮಾನ್ಯ ಕೇಬಲ್ ಹೊರಬಲ್ಲದ್ದು 3 ಆಂಪಿಯರ್, ಅಂದರೆ 60 ವ್ಯಾಟ್. ಅದನ್ನು ಹಾಕಿದರೂ ಅಪಾಯವಿಲ್ಲ, ಚಾರ್ಜು ತುಸು ನಿಧಾನವಾಗುತ್ತದೆ. ಅದಕ್ಕೂ ಮೇಲೆ ಬೇಕಾದರೆ 5 ಆಂಪಿಯರ್ ಕೇಬಲ್ ಬೇಕು. ಅದರ ಪಿನ್ನಿನೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. 100 ವ್ಯಾಟ್ ಎಂದೋ, 2021ರ ಹೊಸ ನಿಯಮದಂತೆ 240 ವ್ಯಾಟ್ ಎಂದೋ ಹೊದಿಕೆಯ ಮೇಲೆ ಬರೆದಿರುವುದು ಇವುಗಳಿಗೇ. ಒಂದು ತುದಿಗೆ ಹಳೆಯ ಚಪ್ಪಟೆ ಪಿನ್ನಿದ್ದರೆ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಅದು ಆಗಿಬರುವುದಿಲ್ಲ. ನೂರು ರೂಪಾಯಿಯ ಕೇಬಲ್ ಅಂಥದೇ ಆಗಿತ್ತು. ಒಂದು ತುದಿಯನ್ನಷ್ಟೇ ನೋಡಿ ಅಪ್ಪ 'ಎರಡೂ ಒಂದಾ ಥರ' ಎಂದಿದ್ದರು.

'65 ವ್ಯಾಟಿಂದು ಫೋನಿಗೆ ಹಾಕಿದ್ರ ಸುಟ್ಟು ಹೋಗತೈತಂತ?' ಎಂಬುದು ಅಪ್ಪನ ಮುಂದಿನ ಸಂದೇಹ. ಈ ಭಯ ಊರಲ್ಲೆಲ್ಲ ಇದೆ, ಆಧಾರ ಕಡಿಮೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ ನೋಡಿದವರಿಗೆ ವಿಷಯ ಬೇಗ ತಿಳಿದೀತು. ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದಾಗ ಡೆಂಕನಮರಡಿಯ ಇಡೀ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಆಮೇಲೆ ಬರುವುದು ಕಾರ್ಣಿಕದ ಒಂದೇ ನುಡಿ. ಟೈಪ್ ಸಿ ಚಾರ್ಜರೂ ಹಾಗೆ ಮೊದಲು ಸುಮ್ಮನಿರುತ್ತದೆ. ಆಚೆ ತುದಿಯಲ್ಲಿ ಯಾರಿದ್ದಾರೆ, ಅವರಿಗೆಷ್ಟು ಬೇಕು, ನಡುವಿನ ಕೇಬಲ್ ಎಷ್ಟು ಹೊರಬಲ್ಲದು ಎಂದು ವಿಚಾರಿಸಿಕೊಂಡು, ಒಪ್ಪಂದವಾದಷ್ಟನ್ನೇ ಕೊಡುತ್ತದೆ. ಫೋನು 18 ವ್ಯಾಟ್ ಕೇಳಿದರೆ 18. ಆದರೆ ಈ ಮಾತುಕತೆ ನಂಬಿಕೆಯ ಮೇಲೆ ನಿಂತಿದೆ. ಕೇಬಲ್ಲೇ ಸುಳ್ಳು ಹೇಳಿದರೆ?

2015ರಲ್ಲಿ ಗೂಗಲ್ ಸಂಸ್ಥೆಯ ಎಂಜಿನಿಯರ್ ಬೆನ್ಸನ್ ಲಿಯಂಗ್ ಇದನ್ನೇ ಪರೀಕ್ಷಿಸಲು ಹೊರಟರು. ಪೇಟೆಯಲ್ಲಿ ಮಾರುವ ಟೈಪ್ ಸಿ ಕೇಬಲ್ಲುಗಳನ್ನು ಸ್ವಂತ ದುಡ್ಡಿನಿಂದ ಕೊಂಡು ಒಂದೊಂದಾಗಿ ಅಳೆದರು. ಹಳೆಯ ಪಿನ್ನಿನಿಂದ ಟೈಪ್ ಸಿಗೆ ಹೋಗುವ ಕೇಬಲ್ಲಿನಲ್ಲಿ 56 ಕಿಲೊಓಮ್ ರೋಧಕ ಇರಬೇಕಾದ ಕಡೆ 10 ಕಿಲೊಓಮಿನದು ಇದ್ದದ್ದನ್ನು ಕಂಡರು. ಇದರಿಂದ ಫೋನು ತನಗೆ 3 ಆಂಪಿಯರ್ ಸಿಗುತ್ತದೆಂದು ಭ್ರಮಿಸಿ, ಅಷ್ಟು ಕೊಡಲಾರದ ಹಳೆಯ ಚಾರ್ಜರಿನಿಂದಲೋ ಕಂಪ್ಯೂಟರಿನಿಂದಲೋ ಎಳೆಯತೊಡಗುತ್ತದೆ. 2016ರ ಫೆಬ್ರವರಿಯಲ್ಲಿ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ಬಿಚ್ಚಿ ನೋಡಿದರೆ ವಿದ್ಯುತ್ತಿನ ತಂತಿಯೂ ನೆಲದ ತಂತಿಯೂ ಅದಲುಬದಲಾಗಿದ್ದವು. ಹೆಚ್ಚಿನ ವೇಗದ್ದೆಂದು ಮಾರಿದ ಆ ಕೇಬಲ್ಲಿನಲ್ಲಿ ವೇಗದ ತಂತಿಗಳೂ ಇರಲಿಲ್ಲ. ತಿಳಿದವರ ಮೇಜಿನ ಮೇಲೆಯೇ ಹೀಗಾದರೆ ಮೂರು ಬೇಸಿಗೆಯ ಹೂವಿನ ದುಡ್ಡು ಕೂಡಿಸಿ ಲ್ಯಾಪ್‌ಟಾಪ್ ಕೊಂಡ ಮನೆಯ ಗತಿಯೇನು? ಹೆಸರಿಲ್ಲದ, ವ್ಯಾಟ್ ಬರೆಯದ, ಬಿಲ್ಲು ಕೊಡದ ಕೇಬಲ್ಲನ್ನು ಟಾರ್ಚಿಗೆ ಇಟ್ಟುಕೊಳ್ಳುವುದು ಲೇಸು.

ದುಂಡು ಪಿನ್ನಿನ ಹಳೆಯ ಲ್ಯಾಪ್‌ಟಾಪುಗಳಲ್ಲಿ ಇಂಥ ಮಾತುಕತೆಯೂ ಇಲ್ಲ. ಪಿನ್ನು ಕೂಡಿತೆಂದು ಯಾರದೋ ಚಾರ್ಜರ್ ಹಾಕುವುದು ಅಪಾಯ. ಚಾರ್ಜರಿನ ಬೆನ್ನ ಮೇಲಿನ ವೋಲ್ಟು ಸರಿಯಾಗಿ ಹೊಂದಬೇಕು. ಆಂಪಿಯರ್ ಬೇಕಾದಷ್ಟೋ ಅದಕ್ಕಿಂತ ಹೆಚ್ಚೋ ಇರಬೇಕು. ಡೆಸ್ಕ್‌ಟಾಪಿನ ಪವರ್ ಕಾರ್ಡಿಗೆ ಮೂರು ಪಿನ್ನು ಇರುವುದು ಅಲಂಕಾರಕ್ಕಲ್ಲ. ಹಳೆಯ ಮನೆಗಳಲ್ಲಿ ಅರ್ತಿಂಗ್ ಇಲ್ಲದೆ, ಕಂಪ್ಯೂಟರಿನ ಕಬ್ಬಿಣದ ಮೈ ಮುಟ್ಟಿದರೆ ಜುಮ್ಮೆನ್ನುವುದನ್ನು ಮಾಮೂಲು ಎಂದು ಬಿಟ್ಟವರಿದ್ದಾರೆ. ದಪ್ಪ ಪಿನ್ನು ಬೋರ್ಡಿಗೆ ಕೂಡದೆಂದು ಅದನ್ನೇ ಮುರಿದು ಹಾಕುವವರೂ ಉಂಟು. ಐಎಸ್‌ಐ ಗುರುತಿನ ಕಾರ್ಡು, ಅರ್ತಿಂಗ್ ಇರುವ ಪ್ಲಗ್ಗು ಇವೆರಡನ್ನು ಬಿಟ್ಟು ಯಾವ ದುಬಾರಿ ಡಾಟಾ ಕೇಬಲ್ ತಂದರೂ ಪ್ರಯೋಜನವಿಲ್ಲ. ಇನ್ನು ಇಂಟರ್‌ನೆಟ್ಟಿನ ಲ್ಯಾನ್ ಕೇಬಲ್ ಕೊಳ್ಳುವವರಿಗೆ ಒಂದೇ ಮಾತು: ಕ್ಯಾಟ್ 5ಇ ಸಾಕು, ಸೆಕೆಂಡಿಗೆ ಒಂದು ಗಿಗಾಬಿಟ್ಟನ್ನು 100 ಮೀಟರ್ ದೂರ ಒಯ್ಯುತ್ತದೆ, ಆದರೆ ತಂತಿ ಪೂರ್ತಿ ತಾಮ್ರದ್ದಿರಲಿ.

ಅಂಗಡಿಯ ಮುಂದೆ ಇಷ್ಟೆಲ್ಲ ಚರ್ಚೆ ನಡೆಯಲಿಲ್ಲ, ನಡೆಯುವುದೂ ಇಲ್ಲ. ಕೊನೆಗೆ ಅಪ್ಪ ಒಂದು ಉಳಿತಾಯದ ದಾರಿ ತೆಗೆದರು.

'ಇಲಿ ಕಡಿದಲ್ಲಿ ಟೇಪ್ ಸುತ್ತಿದ್ರ ಆಗಂಗಿಲ್ಲೇನು?'

'ಒಳಗ ಸಣ್ಣ ಸಣ್ಣ ತಂತಿ ಇರ್ತಾವಪ್ಪಾ. ಒಂದಕ್ಕೊಂದು ಹತ್ತಿದ್ರ ಲ್ಯಾಪ್‌ಟಾಪಾ ಹೋಗತೈತಿ,' ಎಂದಳು ಮಗಳು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾನೂರರ ಕೇಬಲ್ಲನ್ನು ಕೈಯಲ್ಲಿ ತೂಗಿ, 'ಇದರ ಗೇಜ್ ಎಷ್ಟು ಐತಿ ನೋಡು ತಮ್ಮಾ' ಎಂದರು. ಅಂಗಡಿಯ ಹುಡುಗನಿಗೆ ಆ ಪ್ರಶ್ನೆ ಹೊಸದು. ಫೋನಿನ ಟಾರ್ಚು ಹಿಡಿದು ಕೇಬಲ್ಲನ್ನು ಉದ್ದಕ್ಕೂ ಓದಿ ನೋಡಿದ. ಗೇಜು ಸಿಗಲಿಲ್ಲ. ಪೊಟ್ಟಣದ ಹಿಂಬದಿಯಲ್ಲಿ 5 ಆಂಪಿಯರ್, 100 ವ್ಯಾಟ್, 480 ಮೆಗಾಬಿಟ್, ಒಂದು ಮೀಟರ್ ಎಂದು ಸಿಕ್ಕಿತು. ಬಿಲ್ಲು ಬರೆಸಿಕೊಂಡರು. ಪರೀಕ್ಷೆಗೆಂದು ಲ್ಯಾಪ್‌ಟಾಪನ್ನೂ ಚಾರ್ಜರನ್ನೂ ಮಗಳು ಚೀಲದಲ್ಲೇ ತಂದಿದ್ದಳು. ಅಂಗಡಿಯ ಪ್ಲಗ್ಗಿಗೆ ಹಾಕಿದಾಗ ಸಣ್ಣ ದೀಪ ಹೊತ್ತಿತು.

ಮಧ್ಯಾಹ್ನದ ಬಸ್ಸಿನಲ್ಲಿ ಬೆಳಗಿನ ಹೂವಿನ ಖಾಲಿ ಬುಟ್ಟಿಗಳು ಹಿಂದಿನ ಸೀಟಿನ ಕೆಳಗೆ ಉರುಳಾಡುತ್ತಿದ್ದವು. ಮನೆಗೆ ಹೋದ ಮೇಲೆ ಅಪ್ಪ ಇಲಿ ಕಡಿದ ಹಳೆಯ ಕೇಬಲ್ಲನ್ನು ಕುಡುಗೋಲಿನಿಂದ ಸೀಳಿ, ಒಳಗಿನ ಕೂದಲೆಳೆಯಂಥ ಬಣ್ಣಬಣ್ಣದ ತಂತಿಗಳನ್ನು ಒಂದೊಂದಾಗಿ ಎಣಿಸಿ ನೋಡಿದರು. ಹೊಸದು ಗೋಡೆಯ ಮೊಳೆಗೆ, ಇಲಿಗೆ ಎಟುಕದಷ್ಟು ಎತ್ತರಕ್ಕೆ, ಹೂದಂಡೆ ತೂಗುಹಾಕುವ ಜಾಗದಲ್ಲಿ ಸೇರಿತು. ಬೆಳಗಿನ ಜಾವ ನಾಲ್ಕಕ್ಕೆ ಮೊಗ್ಗು ಬಿಡಿಸಲು ಹೋಗಬೇಕಾದ್ದರಿಂದ ಮನೆಯವರೆಲ್ಲ ಬೇಗ ದೀಪ ಆರಿಸಿದರು.